ಎರಡನೇ ಚಾಲಕಿ

ಕರ್ರ್ ಎಂದು ಒಂದು ಸದ್ದಾಯಿತು. ದೊಡ್ಡ ಸದ್ದಲ್ಲ, ಸ್ಟೀಲ್ ತಟ್ಟೆಯ ಮೇಲೆ ಯಾರೋ ಉಗುರು ಎಳೆದಷ್ಟು. ನಿದ್ದೆಯಲ್ಲಿದ್ದವರಿಗೆ ಅದು ಕೇಳಿಸುವಂತಿರಲಿಲ್ಲ. ಎಚ್ಚರವಿದ್ದು, ಕಿವಿಯನ್ನು ಕೆಳಗಡೆಗೇ ಇಟ್ಟುಕೊಂಡು ಕೂತವಳಿಗೆ ಕೇಳಿಸಿತು.

ಪರದೇಶದ ಆ ಬಾಡಿಗೆ ಮನೆಯಲ್ಲಿ ಗಂಡಸರಿಬ್ಬರೂ ಗೊರಕೆ ಹೊಡೆಯುತ್ತಿದ್ದರು. ನಾನು ಅಡುಗೆಕೋಣೆಯ ಮೇಜಿನ ಮೇಲೆ ಬಾಡಿಗೆ ಕಾರಿನ ಕಾಗದಗಳನ್ನು ಹರಡಿಕೊಂಡಿದ್ದೆ. ಸದ್ದು ಎರಡು ಮಹಡಿ ಕೆಳಗಿನಿಂದ, ಕಾರು ನಿಲ್ಲಿಸುವ ಜಾಗದಿಂದ ಬಂದಿತ್ತು. ಕಾರಿನಲ್ಲಿ ಇದ್ದವಳು ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ.

ಅದಕ್ಕೆ ಐದು ನಿಮಿಷ ಮೊದಲು ನಾನು ಒಂದು ಮಾತು ಹೇಳಿದ್ದರೆ ಆ ಸದ್ದು ಆಗುತ್ತಿರಲಿಲ್ಲ. ಮಾತು ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡೆ. ಯಾಕೆ ನುಂಗಿಕೊಂಡೆ ಎಂದು ಹೇಳಬೇಕಾದರೆ ನಮ್ಮಿಬ್ಬರ ಹೆಸರಿನಿಂದ ಶುರುಮಾಡಬೇಕು.

ನಮ್ಮಿಬ್ಬರದೂ ಒಂದೇ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ 'ಯಾರು, ದೊಡ್ಡವಳೋ ಚಿಕ್ಕವಳೋ?' ಎಂದು ನೀವೂ ಕೇಳುತ್ತೀರಿ, ಆ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ನಾನು ಆ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷವಾದ ಮೇಲೆ ಅವಳು ಬಂದಳು. ಬಂದ ವಾರದಲ್ಲೇ ಅತ್ತೆ ಅಡುಗೆಮನೆಯಿಂದ ಹೆಸರು ಹಿಡಿದು ಕೂಗಿದರು. ಮಹಡಿಯಿಂದ ನಾನು ಇಳಿದೆ, ಹಿತ್ತಲಿನಿಂದ ಅವಳು ಓಡಿಬಂದಳು, ಬಾಗಿಲಲ್ಲಿ ಇಬ್ಬರೂ ಡಿಕ್ಕಿ ಹೊಡೆದೆವು.

ಅತ್ತೆ ನಕ್ಕುಬಿಟ್ಟರು. "ಒಬ್ಬಳನ್ನ ಕರೆದ್ರೆ ಇಬ್ಬರು ಬರ್ತೀರಲ್ಲೇ! ಇದು ಆಗೋಹೋಗೋ ಮಾತಲ್ಲ. ನೀನು ಇವತ್ತಿಂದ ದೊಡ್ಡವಳು. ಪಾಪ, ಅದು ಹೊಸದಾಗಿ ಬಂದಿದೆ, ಅದರ ಹೆಸರು ಅದಕ್ಕಿರ್ಲಿ."

ಅಷ್ಟೇ. ನನ್ನನ್ನು ಯಾರೂ ಕೇಳಲಿಲ್ಲ. ಬಸ್ಸಿನಲ್ಲಿ ಬಾಣಂತಿಗೆ ಸೀಟು ಬಿಟ್ಟುಕೊಟ್ಟ ಹಾಗೆ ನನ್ನ ಹೆಸರನ್ನು ಬಿಟ್ಟುಕೊಟ್ಟೆ. ಬಾಣಂತಿಯಾದರೂ ಮುಂದಿನ ನಿಲ್ದಾಣದಲ್ಲಿ ಇಳಿಯುತ್ತಾಳೆ, ಇವಳು ಎಂಟು ವರ್ಷವಾದರೂ ಇಳಿಯಲಿಲ್ಲ. ಮೊದಮೊದಲು ನಮ್ಮವರು ಕೋಣೆಯ ಬಾಗಿಲು ಹಾಕಿದ ಮೇಲಾದರೂ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು. ಆಮೇಲೆ ಅಲ್ಲೂ 'ದೊಡ್ಡವಳೇ' ಎನ್ನುವುದೇ ರೂಢಿಯಾಯಿತು.

ನಮ್ಮದು ಕನ್ನಡಕದ ಅಂಗಡಿ. ಮೈದುನ ಕಣ್ಣು ಪರೀಕ್ಷೆ ಮಾಡುತ್ತಾನೆ, ನಮ್ಮವರು ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾರೆ. ಓರಗಿತ್ತಿ ಗಲ್ಲಾದ ಪಕ್ಕ ಕೂತು, ಬಂದವರ ಮುಖಕ್ಕೆ ಫ್ರೇಮು ಹಾಕಿ ತೆಗೆದು, "ಅಯ್ಯೋ ಸಾರ್, ಇದರಲ್ಲಿ ನೀವು ನಿಮ್ಮ ಮಗನ ಥರ ಕಾಣ್ತೀರಿ" ಎನ್ನುತ್ತಾಳೆ. ಒಂದು ಕೊಳ್ಳಲು ಬಂದವರು ಎರಡು ಕೊಂಡು ಹೋಗುತ್ತಾರೆ. ನಾನು ಅಂಗಡಿಗೆ ಹೋಗುವುದಿಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಔಷಧಿಯ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿಟ್ಟ ಚೀಟಿ ಇರುತ್ತದಲ್ಲ, ಯಾರೂ ಓದದೆ ಎಸೆಯುವ ಆ ಚೀಟಿಯನ್ನು ದಿನಕ್ಕೆ ಎಂಟು ಗಂಟೆ ಓದುವುದು ನನ್ನ ಕಸುಬು. ಸಣ್ಣ ಅಕ್ಷರ ಕಂಡರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಇನ್ನು ಕಾರು. ಲೈಸೆನ್ಸ್ ನನಗೆ ಮದುವೆಗೆ ಮೊದಲೇ ಇತ್ತು. ಮದುವೆಯಾಗಿ ಎರಡನೇ ವರ್ಷ ಹೊಸ ಕಾರನ್ನು ಮನೆಯ ಗೇಟಿಗೆ ತಾಗಿಸಿದೆ. ಬಂಪರಿಗೆ ಒಂದು ಗೀರು. ನಮ್ಮವರು ಬೈಯಲಿಲ್ಲ, ಅದಕ್ಕಿಂತ ಹೆಚ್ಚಿನದನ್ನು ಮಾಡಿದರು. ವರ್ಷಪೂರ್ತಿ ಬಂದವರಿಗೆಲ್ಲ ಗೇಟು ತೋರಿಸಿ, "ಇದು ನಮ್ಮವಳ ಸಹಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಸ್ಟೀರಿಂಗ್ ಮುಟ್ಟಲಿಲ್ಲ. ಓರಗಿತ್ತಿ ಬಂದವಳೇ ಕಾರು ಕಲಿತಳು. ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಕೈಯಲ್ಲಿ ಕೂದಲು ಹಿಂದಕ್ಕೆ ತಳ್ಳುತ್ತ, ಬಾಯಲ್ಲಿ ಹರಟೆ. ಮೈದುನನಿಗೆ ಕಾರು ಬರುವುದಿಲ್ಲ. "ಊರವರ ಕಣ್ಣು ನೋಡೋನಿಗೆ ಕನ್ನಡಿ ನೋಡಿ ರಿವರ್ಸ್ ತೆಗೆಯೋಕಾಗಲ್ಲ" ಎಂದು ಅವಳು ಅವನನ್ನು ಎಲ್ಲರೆದುರೂ ರೇಗಿಸುತ್ತಾಳೆ, ಅವನು ಖುಷಿಯಿಂದ ರೇಗಿಸಿಕೊಳ್ಳುತ್ತಾನೆ.

ಗಾಜು ಉಜ್ಜುವ ಯಂತ್ರಗಳ ಪ್ರದರ್ಶನವೊಂದಕ್ಕೆ ಅಣ್ಣತಮ್ಮಂದಿರು ಪರದೇಶಕ್ಕೆ ಹೊರಟಾಗ, ಹೇಗೂ ಹೋಗುತ್ತೇವೆ, ಎಲ್ಲರೂ ಹೋಗೋಣ ಎಂದು ಮಾತಾಯಿತು. ಟ್ರಾವೆಲ್ಸಿನವನು, "ಲೈಸೆನ್ಸ್ ಇರೋರೆಲ್ಲ ಇಂಟರ್‌ನ್ಯಾಶನಲ್ ಪರ್ಮಿಟ್ ಮಾಡಿಸ್ಕೊಂಡುಬಿಡಿ, ಅಲ್ಲಿ ಕಾರು ಬಾಡಿಗೆಗೆ ತಗೊಂಡ್ರೆ ಸುಖ" ಎಂದ. ನಾನೂ ಮಾಡಿಸಿಕೊಂಡೆ. ಯಾರಿಗೂ ಹೇಳದೆ ಎರಡು ತಿಂಗಳು ಮುದ್ರಣಾಲಯದಿಂದ ಒಂದು ಗಂಟೆ ಬೇಗ ಹೊರಟು ಡ್ರೈವಿಂಗ್ ಶಾಲೆಗೂ ಹೋದೆ. ಕಲಿಸುವ ಮೇಷ್ಟ್ರು ಒಂದು ದಿನ ಹೇಳಿದರು: "ನಿಮಗೆ ಭಯ ಇಲ್ಲ ಮೇಡಂ, ಅನುಮಾನ. ಕನ್ನಡಿ ನೋಡಿದ ಮೇಲೂ ಕನ್ನಡಿ ಸುಳ್ಳು ಹೇಳ್ತಿದೆಯೇನೋ ಅಂತ ತಿರುಗಿ ನೋಡ್ತೀರಿ." ಅವರು ಹೇಳಿದ್ದು ಸರಿ. ಆದರೆ ತಿರುಗಿ ನೋಡುತ್ತಲೇ ಚೆನ್ನಾಗಿ ಓಡಿಸಲು ಕಲಿತೆ. ಅಲ್ಲಿ, ಗೊತ್ತಿಲ್ಲದ ರಸ್ತೆಯಲ್ಲಿ, ನಮ್ಮವರಿಗೆ ಸುಸ್ತಾದಾಗ 'ಕೊಡಿ ಇಲ್ಲಿ' ಎಂದು ಕೀ ತೆಗೆದುಕೊಳ್ಳುವ ಹೊತ್ತನ್ನು ಎಷ್ಟು ಸಲ ಕಲ್ಪಿಸಿಕೊಂಡಿದ್ದೆನೋ.

ವಿಮಾನ ನಿಲ್ದಾಣದ ಬಾಡಿಗೆ ಕಾರಿನ ಕೌಂಟರಿನ ಮುಂದೆ ಉದ್ದ ಸಾಲಿತ್ತು. ನನ್ನನ್ನು ಸೂಟ್‌ಕೇಸುಗಳ ಹತ್ತಿರ ಕಾವಲಿಗೆ ನಿಲ್ಲಿಸಿದರು. ನಾಲ್ವರ ದಾಖಲೆಗಳಿದ್ದ ನೀಲಿ ಚೀಲ ನನ್ನ ಹೆಗಲಲ್ಲೇ ಇರುವುದು. ನಮ್ಮವರು ಬಂದು, "ಲೈಸೆನ್ಸುಗಳೆಲ್ಲಿ?" ಎಂದು ತಾವೇ ಕೈಹಾಕಿ ಎರಡು ಎಳೆದುಕೊಂಡು ಹೋದರು. ಕೌಂಟರಿನವಳು ಏನೋ ಕೇಳಿದಳು. ನಮ್ಮವರು ಹೆಸರು ಹೇಳಿದರು.

ಅವರ ಬಾಯಿಂದ ಎಷ್ಟೋ ವರ್ಷದ ಮೇಲೆ, ಅಷ್ಟು ಜನರ ನಡುವೆ, ಗಟ್ಟಿಯಾಗಿ, ನನ್ನ ಹೆಸರು. ಗುಟ್ಟಾಗಿ ಹೋದ ಪಾಠಗಳು ಹೇಗೋ ಗೊತ್ತಾಗಿವೆ, ನನಗೆ ಆಶ್ಚರ್ಯ ಮಾಡಲೆಂದು ಸುಮ್ಮನಿದ್ದರು ಎಂದುಕೊಂಡೆ. ಸೂಟ್‌ಕೇಸು ಬಿಟ್ಟು ಎರಡು ಹೆಜ್ಜೆ ಮುಂದಿಟ್ಟೂ ಇಟ್ಟೆ. ಅವರು ಹಿಂದಕ್ಕೆ ತಿರುಗಿ ಓರಗಿತ್ತಿಗೆ, "ಬಾಮ್ಮ, ಇಲ್ಲೊಂದು ಸೈನ್ ಹಾಕು. ನೀನು ಎರಡನೇ ಡ್ರೈವರ್" ಎಂದರು. ನನ್ನತ್ತ ನೋಡಿ, "ನೀನ್ಯಾಕೆ ಬಂದೆ, ಸಾಮಾನು ನೋಡ್ಕೋ" ಎಂದರು.

ನೋಡಿಕೊಂಡೆ.

ಆರು ದಿನ ಹಿಂದಿನ ಸೀಟಿನಲ್ಲಿ ಕೂತೆ. ಅಲ್ಲಿ ರಸ್ತೆಯ ಪಕ್ಕವೂ ಸ್ಟೀರಿಂಗಿನ ಪಕ್ಕವೂ ನಮಗೆ ತಿರುಗುಮುರುಗು. ನಮ್ಮವರು ಒಂದು ಗಂಟೆ ಓಡಿಸಿದರೆ ಬೆವರುತ್ತಿದ್ದರು. ಅವಳು ಅರ್ಧ ದಿನದಲ್ಲಿ ಅಲ್ಲೇ ಹುಟ್ಟಿದವಳ ಹಾಗೆ ಓಡಿಸಿದಳು. "ಏನು ಕಂಟ್ರೋಲು ನೋಡೇ" ಎಂದು ನಮ್ಮವರು ಕನ್ನಡಿಯಲ್ಲಿ ನನಗೆ ಹೇಳಿದರು. ನಾನು ನೋಡಿದೆ. ಅವಳು ತಿರುವಿನಲ್ಲಿ ಎಷ್ಟು ಸಲ ಇಂಡಿಕೇಟರ್ ಹಾಕುವುದನ್ನು ಮರೆತಳು ಎಂಬ ಲೆಕ್ಕ ಇಟ್ಟಿದ್ದೆ. ಆರು ದಿನಕ್ಕೆ ಹನ್ನೊಂದು.

ಕಡೆಯ ಸಂಜೆ ಅವಳೇ ಮಾತು ತೆಗೆದಳು. "ಅಕ್ಕಾ, ಈ ಕಾರಿಗೆ ಏನಾದ್ರೂ ಆಗಿದ್ರೆ ಯಾರು ಕಟ್ಟಿಕೊಡೋದು?"

"ಕಂಪನಿ" ಎಂದರು ನಮ್ಮವರು. "ಇನ್ಶೂರೆನ್ಸ್ ಸೇರಿಸೇ ಬಾಡಿಗೆ. ನಮ್ಮ ಟ್ರಾವೆಲ್ ಇನ್ಶೂರೆನ್ಸೂ ಇದೆ. ಮನೇಲಿರೋ ಕಾರಿಗೂ ಇದೆ."

"ಮನೆ ಕಾರಿನ ಇನ್ಶೂರೆನ್ಸು ಮನೆ ಕಾರಿಗೆ" ಎಂದೆ. "ಟ್ರಾವೆಲ್ ಇನ್ಶೂರೆನ್ಸು ಜ್ವರ ಬಂದ್ರೆ, ಸೂಟ್‌ಕೇಸ್ ಕಳೆದ್ರೆ. ಬಾಡಿಗೆ ಕಾರಿನ ತಗಡಿಗೆ ಅದರಲ್ಲಿ ಏನೂ ಇಲ್ಲ. ನಾನು ಓದಿದೀನಿ."

"ಓದಿರ್ತಾಳೆ" ಎಂದರು ನಮ್ಮವರು. "ಬಾಡಿಗೆ ಪತ್ರ ಕೊಟ್ರೆ ಅದನ್ನೂ ಓದಿ ಕಾಗುಣಿತದ ತಪ್ಪು ಹುಡುಕ್ತಾಳೆ. ಡ್ಯಾಶ್‌ಬೋರ್ಡಿನಲ್ಲಿದೆ, ತಗೋ."

ಎಲ್ಲರೂ ನಕ್ಕರು. ನಾನು ತೆಗೆದುಕೊಂಡೆ. ರಾತ್ರಿ ಪಾತ್ರೆ ತೊಳೆದಿಟ್ಟು ಓದಲು ಕೂತೆ.

ಹನ್ನೆರಡು ಪುಟ. ಕಷ್ಟವೇನಲ್ಲ, ಔಷಧಿ ಚೀಟಿಯ ಹಾಗೆಯೇ: ಮುಂದೆ ದೊಡ್ಡದಾಗಿ ಗುಣ, ಹಿಂದೆ ಸಣ್ಣದಾಗಿ ದೋಷ. ಕಾರು ಜಖಂ ಆದರೆ, ಕಳುವಾದರೆ ಕಂಪನಿ ನೋಡಿಕೊಳ್ಳುತ್ತದೆ. ಆದರೆ ರಿಪೇರಿಯ ಮೊದಲ ಪಾಲು ನಮ್ಮ ಕೈಯಿಂದ. ಅದಕ್ಕೆ 'ಎಕ್ಸೆಸ್' ಎಂದು ಹೆಸರು, ಅದಕ್ಕೆಂದೇ ನಮ್ಮವರ ಕಾರ್ಡಿನಲ್ಲಿ ಮುಂಗಡವಾಗಿ ಒಂದಿಷ್ಟು ಹಿಡಿದಿಟ್ಟಿದ್ದಾರೆ. ಟಯರು, ಗಾಜು, ಕಾರಿನ ಹೊಟ್ಟೆಯ ಭಾಗ, ಕಳೆದ ಕೀ, ತಪ್ಪಾಗಿ ತುಂಬಿಸಿದ ಇಂಧನ, ಇವೆಲ್ಲ ಪೂರ್ತಿ ನಮ್ಮದೇ. ಒಂಬತ್ತನೇ ಪುಟದಲ್ಲಿ ಒಂದು ವಾಕ್ಯ: ಪತ್ರದಲ್ಲಿ ನಮೂದಾಗದ ವ್ಯಕ್ತಿ ಕಾರು ಓಡಿಸಿದಾಗ ಹಾನಿಯಾದರೆ ವಿಮೆ ಇಲ್ಲ, ಪೂರ್ತಿ ಖರ್ಚು ಬಾಡಿಗೆ ಪಡೆದವರದು.

ಮತ್ತೆ ಮೊದಲ ಪುಟಕ್ಕೆ ಬಂದೆ. ಒಂದನೇ ಚಾಲಕ, ನಮ್ಮವರು. ಎರಡನೇ ಚಾಲಕಿ, ನಮ್ಮ ಹೆಸರು. ನಮ್ಮಿಬ್ಬರ ಹೆಸರು, ಮದುವೆಯಾದ ಮೇಲೆ ಲೈಸೆನ್ಸಿಗೆ ಸೇರಿಸಿದ ಮನೆತನದ ಹೆಸರು ಕೂಡ ಒಂದೇ, ಅಕ್ಷರ ಆಚೀಚೆ ಇಲ್ಲ. ಪಕ್ಕದಲ್ಲಿ ಲೈಸೆನ್ಸ್ ಸಂಖ್ಯೆ, ಹುಟ್ಟಿದ ವರ್ಷ. ಅಂಕಿಗಳನ್ನು ಎರಡು ಸಲ ಬಾಯಿಬಿಟ್ಟು ಓದುವುದು ನಮ್ಮ ಕಸುಬಿನ ಅಭ್ಯಾಸ. ಓದಿದೆ. ನೀಲಿ ಚೀಲ ತೆರೆದು ಎರಡೂ ಲೈಸೆನ್ಸ್ ಪಕ್ಕಪಕ್ಕ ಇಟ್ಟೆ. ಮತ್ತೆ ಓದಿದೆ.

ಅದು ನನ್ನ ಸಂಖ್ಯೆ. ನನ್ನ ವರ್ಷ.

ಅವಸರದಲ್ಲಿ ನಮ್ಮವರು ಚೀಲದಿಂದ ಎಳೆದದ್ದು ನನ್ನ ಲೈಸೆನ್ಸು. ಹೆಸರು ಸರಿಯಿದ್ದುದರಿಂದ ಅವರೂ ನೋಡಲಿಲ್ಲ. ಇಪ್ಪತ್ಮೂರನೇ ವಯಸ್ಸಿನ ಆ ಫೋಟೋದಲ್ಲಿ ನಾನು ನನ್ನ ಹಾಗೇ ಇಲ್ಲ, ಉದ್ದ ಸಾಲಿನ ಮುಂದೆ ಕೌಂಟರಿನವಳೂ ನೋಡಲಿಲ್ಲ. ಓರಗಿತ್ತಿ ನಗುನಗುತ್ತ ಸಹಿ ಮಾಡಿ ಬಂದಿದ್ದಳು. ಆರು ದಿನ ಓಡಿಸಿದವಳು ಪತ್ರದಲ್ಲಿ ಇಲ್ಲವೇ ಇಲ್ಲ. ಹಿಂದಿನ ಸೀಟಿನಲ್ಲಿ ಕೂತವಳು ಇದ್ದಾಳೆ.

ನನಗೆ ಗಾಬರಿಯಾಗಬೇಕಿತ್ತು. ಆಗಲಿಲ್ಲ. ಒಳಗೆಲ್ಲೋ ಸಣ್ಣಗೆ ದೀಪ ಹೊತ್ತಿದ ಹಾಗಾಯಿತು. ಆ ಸಾಲನ್ನು ಬೆರಳಿನಿಂದ ಸವರಿದೆ. ನಾಳೆ ತಿಂಡಿಯ ಹೊತ್ತಿಗೆ ಎಲ್ಲರೆದುರು ಹೇಗೆ ಹೇಳಬೇಕೆಂದು ವಾಕ್ಯ ಕಟ್ಟತೊಡಗಿದೆ. 'ಕಾಗುಣಿತದ ತಪ್ಪು ಸಿಗಲಿಲ್ಲ, ಇನ್ನೊಂದು ಸಿಕ್ತು' ಎಂದು ಶುರುಮಾಡುವುದು. ಅವಳ ಮುಖ ನೋಡುವುದು. ನಮ್ಮವರ ಮುಖ ಅದಕ್ಕಿಂತ ಚೆನ್ನಾಗಿ ನೋಡುವುದು.

ಆಗ ಅವಳು ಕೋಣೆಯಿಂದ ಹೊರಬಂದಳು. ಕೈಯಲ್ಲಿ ಕೀ.

"ಅಕ್ಕಾ, ಇನ್ನೂ ಮಲಗಿಲ್ವಾ? ಮನೆ ಓನರ್ ಮೆಸೇಜ್ ಹಾಕಿದಾರೆ. ಬೆಳಗ್ಗೆ ಐದಕ್ಕೆ ಸಾಮಾನಿನ ವ್ಯಾನ್ ಬರುತ್ತಂತೆ, ಕಾರು ಒಳಗಡೆ ಕಂಬದ ಪಕ್ಕ ಹಾಕ್ಬೇಕಂತೆ. ಭಾವನ್ನ ಎಬ್ಬಿಸೋದು ಬೇಡ, ಎರಡು ನಿಮಿಷ."

ನಾನು ಬಾಯಿ ತೆರೆದೆ. ನೀನು ಮುಟ್ಟಬೇಡ, ನಿನಗೆ ವಿಮೆ ಇಲ್ಲ, ನಾನು ಸರಿಸುತ್ತೇನೆ ಕೊಡು ಎನ್ನುವುದು ಎಷ್ಟು ಹೊತ್ತಿನ ಮಾತು! ಆದರೆ ಈಗ, ಇವಳೊಬ್ಬಳ ಎದುರು, ಈ ಮಬ್ಬು ಬೆಳಕಿನಲ್ಲಿ ಹೇಳಿಬಿಟ್ಟರೆ ನಾಳೆಯ ತಿಂಡಿಯ ಹೊತ್ತಿಗೆ ಏನು ಉಳಿಯುತ್ತದೆ? ಅವಳೇ ಓಡಿಹೋಗಿ, 'ಭಾವಾ, ಎಂಥ ತಮಾಷೆ ಗೊತ್ತಾ' ಎಂದು ಅದನ್ನೂ ತನ್ನ ಕಥೆ ಮಾಡಿಕೊಳ್ಳುತ್ತಾಳೆ.

"ಚಪ್ಪಲಿ ಹಾಕ್ಕೊಂಡು ಹೋಗು" ಎಂದೆ. "ನೆಲ ತಣ್ಣಗಿದೆ."

ಅವಳು ಹೋದಳು. ಆಮೇಲೆ ಆ ಸದ್ದು.

ಅವಳು ಮೇಲೆ ಬಂದವಳು ನೇರ ಸಿಂಕಿಗೆ ಹೋಗಿ ಬಹಳ ಹೊತ್ತು ಕೈ ತೊಳೆದಳು.

"ಆಯ್ತಾ?" ಎಂದೆ.

"ಆಯ್ತು ಅಕ್ಕ."

"ಏನೋ ಸದ್ದಾದಂಗಾಯ್ತು."

"ಗೇಟ್ ಇರ್ಬೇಕು" ಎಂದು ನನ್ನ ಮುಖ ನೋಡದೆ ಒಳಗೆ ಹೋದಳು. ಗೇಟಿನ ಸದ್ದು ನನಗೆ ಗೊತ್ತಿಲ್ಲವೇ? ಒಂದು ವರ್ಷ ಕೇಳಿದ್ದೇನೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೆಳಗಿಳಿದೆ. ಗೋಡೆಯ ಕಡೆಗಿದ್ದ ಬದಿಯಲ್ಲಿ, ಹಿಂದಿನ ಬಾಗಿಲಿನಿಂದ ಚಕ್ರದ ಮೇಲಿನ ಕಮಾನಿನವರೆಗೆ ಗೀರು. ಗೀರಿನ ಕೊನೆಗೆ ತಗಡು ಒಳಕ್ಕೆ ಹೋಗಿತ್ತು. ಕಂಬದ ಹಳದಿ ಬಣ್ಣ ಅರಿಸಿನದ ಹಾಗೆ ಮೆತ್ತಿಕೊಂಡಿತ್ತು. ಬೆರಳಿಟ್ಟು ಅಳೆದೆ, ಮೂರು ಗೇಣು. ನನ್ನ ಗೇಟಿನ ಗೀರು ಒಂದು ಗೇಣೂ ಇರಲಿಲ್ಲ. ಆ ಲೆಕ್ಕ ನನ್ನ ತಲೆಗೆ ಮೊದಲು ಬಂತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂತು.

ಹಿಂದೆ ಚಪ್ಪಲಿಯ ಸದ್ದು. ಅವಳು ನಿಂತಿದ್ದಳು, ಕಣ್ಣು ಊದಿತ್ತು.

"ನೋಡಿದ್ಯಾ ಅಕ್ಕ?"

"ನೋಡಿದೆ."

"ರಾತ್ರಿ ಹೇಳೋಕೆ ಧೈರ್ಯ ಬರ್ಲಿಲ್ಲ. ನಿದ್ದೇನೂ ಬರ್ಲಿಲ್ಲ. ಇನ್ಶೂರೆನ್ಸ್ ಇದೆ ಅಲ್ವಾ? ಕೌಂಟರಿನವಳು ಹೇಳಿದ್ಲಲ್ಲ, ಆ ಎಕ್ಸೆಸ್ಸೋ ಏನೋ, ಅಷ್ಟನ್ನ ನಾನೇ ನನ್ನ ಉಳಿತಾಯದಿಂದ ಕೊಡ್ತೀನಿ."

"ನಿನಗೆ ಇನ್ಶೂರೆನ್ಸ್ ಇಲ್ಲ" ಎಂದೆ. ಎಷ್ಟೋ ಚೆಂದದ ವಾಕ್ಯ ಕಟ್ಟಿಟ್ಟಿದ್ದೆ, ಬಾಯಿಂದ ಬಂದದ್ದು ಇಷ್ಟೇ. "ಪತ್ರದಲ್ಲಿ ಇರೋದು ನನ್ನ ಲೈಸೆನ್ಸು. ನಿನ್ನ ಭಾವ ಕೌಂಟರಿನಲ್ಲಿ ನಂದು ಕೊಟ್ಟಿದಾರೆ."

ಅವಳು ಅರ್ಥವಾಗದೆ ನನ್ನನ್ನೇ ನೋಡಿದಳು. ಅರ್ಥವಾದಾಗ ಬಾನೆಟ್ಟಿಗೆ ಕೈಯೂರಿದಳು. "ಯಾವಾಗ ಗೊತ್ತಾಯ್ತು?"

ಆ ಪ್ರಶ್ನೆ ಬರುತ್ತದೆಂದು ನಾನು ಯೋಚಿಸಿರಲಿಲ್ಲ. ಪದ ಆರಿಸಿ ಮಾತಾಡುವ ನಾನು, ಕಣ್ಣು ಮಿಟುಕಿಸುವಷ್ಟರಲ್ಲಿ, "ಈಗ ಬೆಳಗ್ಗೆ. ಎದ್ದ ಮೇಲೆ ಓದಿದೆ" ಎಂದೆ.

"ಅಯ್ಯೋ, ನಿನ್ನೆ ರಾತ್ರಿ ಓದೋದು ಮುಗಿಸಿದ್ದಿದ್ರೆ!" ಎಂದಳು. ಅದರಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. ಅದಕ್ಕೇ ಅದು ಚುಚ್ಚಿತು.

ಸೂಟ್‌ಕೇಸು ಹಿಡಿದು ಅಣ್ಣತಮ್ಮಂದಿರು ಇಳಿದು ಬಂದರು. ಅವಳು ಅವರನ್ನು ಕಾಯಿಸಲಿಲ್ಲ. ಮುಚ್ಚಿಡಲೂ ಇಲ್ಲ, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ತಪ್ಪು ಒಪ್ಪಿಕೊಳ್ಳುವುದರಲ್ಲೂ ಅವಳೇ ಮುಂದೆ.

ನಮ್ಮವರು ಗೀರಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತು ನೋಡಿದರು. ನಾನು ಅವರ ಬೆನ್ನು ನೋಡುತ್ತಿದ್ದೆ. ಈಗ ಬರುತ್ತದೆ, ಈಗ ಬರುತ್ತದೆ.

"ಹೋಗ್ಲಿ ಬಿಡಮ್ಮ" ಎಂದರು. "ತಗಡಿಗಾಯ್ತು. ನಿಂಗೇನೂ ಆಗಿಲ್ವಲ್ಲ."

ಹತ್ತು ವರ್ಷದ ಹಿಂದೆ ಯಾರಾದರೂ ನನಗೆ ಆ ಮಾತು ಹೇಳಿದ್ದರೆ ಇವತ್ತು ನಾನು ಯಾರಾಗಿರುತ್ತಿದ್ದೆನೋ. ಮೈದುನ ಪರಿಸ್ಥಿತಿ ಹಗುರ ಮಾಡಲು, "ಎಕ್ಸೆಸ್ ಅಂದ್ರೆ ಜಾಸ್ತಿ ಆಗಿದ್ದನ್ನ ನಮಗೆ ವಾಪಸ್ ಕೊಡೋದಲ್ವಾ ಅತ್ತಿಗೆ?" ಎಂದ. ಯಾರೂ ನಗಲಿಲ್ಲ.

"ಅಷ್ಟಕ್ಕೂ ತಪ್ಪು ನಂದು" ಎಂದರು ನಮ್ಮವರು. "ಲೈಸೆನ್ಸ್ ನೋಡದೆ ಕೊಟ್ಟೋನು ನಾನು. ಕಾರು ವಾಪಸ್ ಕೊಡುವಾಗ ನಾನೇ ಓಡಿಸ್ತಿದ್ದೆ ಅಂತ ಬರೀತೀನಿ. ಮುಗೀತು."

"ಬೇಡ ಭಾವ. ನಿಜ ಹೇಳೋಣ. ಪೂರ್ತಿ ದುಡ್ಡು ನಾನು ಕಟ್ತೀನಿ" ಎಂದಳು ಅವಳು.

"ಸುಮ್ನಿರಮ್ಮ. ಏನೂ ಆಗಲ್ಲ."

ಅವಳ ಗೀರನ್ನು ಅವರು ತಮ್ಮ ಹೆಸರಿಗೆ ಬರೆಸಿಕೊಳ್ಳುತ್ತಾರಂತೆ. ನನ್ನ ಗೀರನ್ನು ಊರಿಗೆಲ್ಲ ತೋರಿಸಿದವರು. ನಾನು ಕೈ ಚಾಚಿದೆ. "ಕೀ ಕೊಡಿ."

"ಯಾಕೆ?"

"ಇವತ್ತು ನಾನು ಓಡಿಸ್ತೀನಿ. ಎರಡನೇ ಚಾಲಕಿ ನಾನು. ಪತ್ರದಲ್ಲಿದೆ."

"ಲೇ, ಆಟ ಆಡ್ಬೇಡ. ಹೆದ್ದಾರಿ ಅದು."

"ಗೊತ್ತು."

ಅವರು ಮೈದುನನ ಮುಖ ನೋಡಿದರು. ಮೈದುನ ಮುಗುಳ್ನಕ್ಕು, "ಅತ್ತಿಗೆ ಕೇಳ್ತಿರೋದು ನ್ಯಾಯವಾಗೇ ಇದೆ ಅಣ್ಣ. ಕಾನೂನು ಪ್ರಕಾರ ಅವರೇ" ಎಂದ. ಕೀ ನನ್ನ ಕೈಗೆ ಬಂತು. ಸೀಟು ಮುಂದಕ್ಕೆ ಎಳೆದುಕೊಂಡೆ, ಮೂರೂ ಕನ್ನಡಿ ಸರಿಪಡಿಸಿದೆ, ಆಮೇಲೆ ಅಭ್ಯಾಸಬಲದಿಂದ ತಿರುಗಿಯೂ ನೋಡಿದೆ. ಹಿಂದಿನ ಸೀಟಿನಲ್ಲಿ ಓರಗಿತ್ತಿ, ಮಡಿಲಲ್ಲಿ ನೀಲಿ ಚೀಲ. ಆ ಜಾಗದಲ್ಲಿ ಅವಳನ್ನು ನೋಡಲು ಆರು ದಿನ ಕಾದಿದ್ದೆ. ನಮ್ಮವರು ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡರು, ಮುಕ್ಕಾಲು ಗಂಟೆ ಬಿಡಲಿಲ್ಲ. ನಾನು ಒಂದೂ ಇಂಡಿಕೇಟರ್ ಮರೆಯಲಿಲ್ಲ. ಮೂರನೇ ತಿರುವು ಕಳೆದ ಮೇಲೆ, "ಎಲ್ಲಿ ಕಲಿತೆ?" ಎಂದು ಕೇಳಿದರು. "ಮುಂಚೆನೇ ಬರ್ತಿತ್ತು" ಎಂದೆ.

ಕಾರು ಹಿಂತಿರುಗಿಸುವ ಅಂಗಳದಲ್ಲಿ ಸಮವಸ್ತ್ರದ ಹೆಂಗಸೊಬ್ಬಳು ಟ್ಯಾಬ್ ಹಿಡಿದು ಬಂದಳು. ಸುತ್ತು ಹಾಕಿದಳು, ಹಿಂದಿನ ಬಾಗಿಲ ಬಳಿ ಬಗ್ಗಿದಳು, ಫೋಟೋ ತೆಗೆದಳು. ಮೊದಲು ನಮ್ಮವರ ಹೆಸರು ಓದಿದಳು. ಅವರು ಗಂಟಲು ಸರಿಮಾಡಿಕೊಂಡು ಮುಂದೆ ಹೋದರು. ಆಮೇಲೆ ಎರಡನೇ ಸಾಲಿನ ಹೆಸರು ಓದಿದಳು. ಒತ್ತು ತಪ್ಪಿತ್ತು, ದೀರ್ಘ ಬರಬೇಕಾದಲ್ಲಿ ಹ್ರಸ್ವ. ಆದರೂ ನಾವಿಬ್ಬರೂ ಒಟ್ಟಿಗೆ ತಿರುಗಿದೆವು. ಒಬ್ಬಳನ್ನು ಕರೆದರೆ ಇಬ್ಬರು.

ಓರಗಿತ್ತಿಯ ಕಾಲು ಎದ್ದಿತ್ತು. ನನ್ನದು ಮೊದಲು ನೆಲಕ್ಕೆ ಬಿತ್ತು.

"ಅದು ನಾನು" ಎಂದು ಆ ಹೆಂಗಸಿಗೆ ಇಂಗ್ಲಿಷಿನಲ್ಲಿ ಹೇಳಿದೆ. "ನಿನ್ನೆ ರಾತ್ರಿ ಸರಿಸುವಾಗ ಕಂಬಕ್ಕೆ ತಾಗಿಸಿದೆ."

ಹಿಂದಿನಿಂದ "ಅಕ್ಕಾ!" ಎಂದಳು. "ಏಯ್, ನಾನು ಹೇಳಿದ್ನಲ್ಲ" ಎಂದರು ನಮ್ಮವರು. "ಸುಮ್ನಿರಿ ಇಬ್ರೂ" ಎಂದೆ, ತಿರುಗದೆ.

ಹೆಂಗಸು ಟ್ಯಾಬಿನಲ್ಲಿದ್ದ ಲೈಸೆನ್ಸಿನ ಫೋಟೋ ನೋಡಿದಳು, ನನ್ನ ಮುಖ ನೋಡಿದಳು, ತಲೆಯಾಡಿಸಿದಳು. ಯಾರು, ಯಾವಾಗ, ಹೇಗೆ ಎಂದು ಬರೆಯುವ ಫಾರಂ ಕೊಟ್ಟಳು. ಮೊದಲನೇ ಖಾನೆಯಲ್ಲಿ ನನ್ನ ಹೆಸರು ಪೂರ್ತಿಯಾಗಿ ಬರೆದೆ, ಸಂಖ್ಯೆ ನೆನಪಿನಿಂದಲೇ ಬರೆದೆ. ಆ ಖಾನೆಯಲ್ಲಿ ಸುಳ್ಳಿರಲಿಲ್ಲ. ಉಳಿದದ್ದರಲ್ಲೆಲ್ಲ ಇತ್ತು. ಸಹಿ ಹಾಕಿದೆ. ಮೊದಲ ಪಾಲು ಮಾತ್ರ ಕಾರ್ಡಿನಿಂದ ಹಿಡಿಯುತ್ತೇವೆ, ಉಳಿದದ್ದು ಕಂಪನಿಯದು ಎಂದು ಹೇಳಿ, ನನ್ನ ಹೆಸರು ಹಿಡಿದು ಕರೆದು, ಅವಳು ರಸೀತಿ ಕೊಟ್ಟಳು.

ಓರಗಿತ್ತಿ ಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ಅವಳ ಕೂದಲು ನನ್ನ ಬಾಯಿಗೆ ಬಂತು. "ನನಗೋಸ್ಕರ ಸುಳ್ಳು ಹೇಳಿದ್ಯಲ್ಲ ಅಕ್ಕ. ನೀನು! ಒಂದು ಕೊಂಬು ತಪ್ಪಿದ್ರೂ ನಿದ್ದೆ ಮಾಡದ ನೀನು!" ನಮ್ಮವರು ನನ್ನ ಸೂಟ್‌ಕೇಸನ್ನೂ ತಾವೇ ಎತ್ತಿಕೊಂಡರು. ಮದುವೆಯಾದ ಮೇಲೆ ಇದೇ ಮೊದಲು.

ವಿಮಾನಕ್ಕೆ ಕಾಯುವಾಗ ಅವಳು ಅತ್ತೆಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಕಥೆಯೆಲ್ಲ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಗೀರು, ಲೈಸೆನ್ಸು, ಹೆದ್ದಾರಿ, ಟ್ಯಾಬ್ ಹಿಡಿದ ಹೆಂಗಸು. ನಾನು ಅಂದುಕೊಂಡ ಹಾಗೆ ಅದು ಅವಳ ಕಥೆಯೇ ಆಯಿತು, ಒಳ್ಳೆಯವಳ ಪಾತ್ರ ಮಾತ್ರ ನನಗೆ ಕೊಟ್ಟಿದ್ದಳು. "ಅಷ್ಟೇ ಅಲ್ಲ ಅತ್ತೆ, ನಾನು ಕೆಳಗೆ ಹೋಗುವಾಗಲೂ ಅಕ್ಕನಿಗೆ ನನ್ನದೇ ಚಿಂತೆ. ನೆಲ ತಣ್ಣಗಿದೆ, ಚಪ್ಪಲಿ ಹಾಕ್ಕೊಂಡು ಹೋಗು ಅಂದ್ಲು."

ಸ್ಪೀಕರಿನಲ್ಲಿ ಅತ್ತೆಯ ದನಿ ಬಂತು. "ಮತ್ತೆ? ಸುಮ್ನೆ ಕರೆದಿದ್ನೇನೇ ನಾನು ಅವಳನ್ನ ದೊಡ್ಡವಳು ಅಂತ? ಹೆಸರಿಗೆ ತಕ್ಕ ಹಾಗಿದಾಳೆ. ಇನ್ಮೇಲೆ ಅವಳಿಗೆ ಅದೇ ಹೆಸರು, ಸಾಯೋವರೆಗೂ ಅದೇ."

ಎಲ್ಲರೂ ನನ್ನತ್ತ ನೋಡಿದರು. ನಮ್ಮವರ ಕಣ್ಣಲ್ಲಿ ನಾನು ಬಹಳ ವರ್ಷದಿಂದ ಕಾಣದ ಏನೋ ಇತ್ತು.

ಓದಿದ್ದು ಬೆಳಿಗ್ಗೆಯಲ್ಲ, ರಾತ್ರಿ. ಅವಳು ಕೀ ಹಿಡಿದು ನನ್ನ ಮುಂದೆ ನಿಂತಾಗ ಎರಡೂ ಲೈಸೆನ್ಸ್ ನನ್ನ ಮೇಜಿನ ಮೇಲಿದ್ದವು, ಕಾಗದದ ಕೆಳಗೆ ಸರಿಸಿದ್ದೆ. ಈ ಎರಡು ವಾಕ್ಯ ಹೇಳಿದರೆ ಸಾಕಿತ್ತು. ದೊಡ್ಡವಳು ಎನ್ನುವ ಹೆಸರು ಅಲ್ಲೇ ಉದುರಿಹೋಗುತ್ತಿತ್ತು. ನನ್ನ ಹೆಸರು ಅದರ ಜಾಗಕ್ಕೆ ಬರುತ್ತಿತ್ತೇ? ಬರುತ್ತಿರಲಿಲ್ಲ. ಅದು ಆಗಲೂ ನನ್ನ ಪಕ್ಕ ಕೂತು ಮೂಗು ಒರೆಸಿಕೊಳ್ಳುತ್ತಿತ್ತು.

ಪರ್ಸಿನಲ್ಲಿ ರಸೀತಿ ಇತ್ತು. ಅದರ ಮೇಲಿದ್ದ ಹೆಸರನ್ನು ಹೆಬ್ಬೆರಳಿನಿಂದ ಒಂದು ಸಲ ಒತ್ತಿ ನೋಡಿದೆ. ಆ ರಾತ್ರಿಯ ಮಾತನ್ನು ಯಾರಿಗೂ, ನಮ್ಮವರಿಗೂ, ಹೇಳಕೂಡದು ಎಂದು ಅಲ್ಲೇ ತೀರ್ಮಾನಿಸಿದೆ.

"ಅಕ್ಕಾ, ಅತ್ತೆ ನಿನ್ನ ಹತ್ರ ಮಾತಾಡ್ಬೇಕಂತೆ" ಎಂದು ಅವಳು ಫೋನ್ ಚಾಚಿದಳು.

"ಕೊಡು" ಎಂದೆ. "ಹ್ಞೂಂ ಅತ್ತೆ. ನಾನೇ, ದೊಡ್ಡವಳು."